ಮಾದರಿ ಹಾಳೆಯಲ್ಲಿದ್ದ ಹೆಸರು

ನಮ್ಮ ಕಚೇರಿಯಲ್ಲಿ ಎದುರಿಗೆ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಷರಾ ಅಕ್ಕ. ಆಕೆಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಒಂದು ಸಲ ನಕ್ಷೆ ಮುದ್ರಿಸುವ ಯಂತ್ರ ನೋಡಿಕೊಳ್ಳುವ ಮಾಮ ಆಕೆಯ ಊಟದ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದ: 'ತಯಾರಿಸಿದವರು: ಅಕ್ಕ. ತಯಾರಿಸಿದ್ದು: ಇಂದು ಬೆಳಿಗ್ಗೆ. ಷರಾ: ಉಪ್ಪು ಕಡಿಮೆ ಇರಬಹುದು, ಪರಿಶೀಲಿಸಿಲ್ಲ.' ಅಕ್ಕ ಅದನ್ನು ಗಂಭೀರವಾಗಿ ಓದಿದಳು. ಪೆನ್ನು ತೆಗೆದು 'ಇಂದು ಬೆಳಿಗ್ಗೆ' ಎಂಬುದನ್ನು ಹೊಡೆದು 'ನಿನ್ನೆ ಸಂಜೆ' ಎಂದು ತಿದ್ದಿ ಊಟಕ್ಕೆ ಕೂತಳು.

ಷರಾ ಎಂದರೆ ಕಚೇರಿ ಹಾಳೆಗಳ ಕೊನೆಯ ಕಾಲಂ. ಲೋಕದಲ್ಲಿ ಎಲ್ಲರೂ ಖಾಲಿ ಬಿಡುವ ಜಾಗ ಅದು. ಅಕ್ಕ ಅಲ್ಲಿಂದಲೇ ಓದಲು ಶುರು ಮಾಡುತ್ತಿದ್ದಳು.

ನಾವು ಕೆಲಸ ಮಾಡುತ್ತಿದ್ದುದು ನಗರದ ನಕ್ಷೆ ವಿಭಾಗದಲ್ಲಿ. ಮೂರನೇ ಮಹಡಿ, ಎರಡು ಕೋಣೆ, ಒಂಬತ್ತು ಕುರ್ಚಿ. ಅದರಲ್ಲೊಂದಕ್ಕೆ ಕಾಲು ಸರಿಯಿರಲಿಲ್ಲ, ಅದು ನನ್ನದು. ನಕ್ಷೆ ಎಂದರೆ ಈಗ ಕಾಗದವಲ್ಲ. ನೀರಿನ ಕೊಳವೆ ಒಂದು ಪದರ, ಗ್ಯಾಸ್ ಒಂದು ಪದರ, ಕೇಬಲ್ ಒಂದು, ಚರಂಡಿ ಒಂದು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಸಿದರೆ ಊರಿನ ಹೊಟ್ಟೆಯೊಳಗೆ ಏನಿದೆ ಎಂದು ಕಾಣುತ್ತದೆ. ಪ್ರತಿ ಪದರದ ಜೊತೆಗೂ ಒಂದು ವಿವರದ ಹಾಳೆ ಇರಬೇಕು. ಮೆಟಾಡೇಟಾ ಎಂದು ಅದರ ದೊಡ್ಡ ಹೆಸರು, ನಾವು ಹಾಳೆ ಅನ್ನುತ್ತಿದ್ದೆವು. ಈ ಪದರವನ್ನು ಯಾರು ಮಾಡಿದರು, ಯಾವಾಗ ಮಾಡಿದರು, ಯಾವುದನ್ನು ನೋಡಿ ಮಾಡಿದರು, ಎಷ್ಟು ಹೆಚ್ಚುಕಡಿಮೆ ಇರಬಹುದು, ಯಾರು ಸ್ಥಳಕ್ಕೆ ಹೋಗಿ ತಾಳೆ ನೋಡಿದರು, ಯಾವ ಕೆಲಸಕ್ಕೆ ಇದನ್ನು ಬಳಸಬಾರದು, ಎಲ್ಲ ಅದರಲ್ಲಿ ಬರೆದಿರಬೇಕು. ಹೀಗೆ ಮೂವತ್ತನಾಲ್ಕು ಪ್ರಶ್ನೆ.

"ಗೆರೆ ಯಾರು ಬೇಕಾದ್ರೂ ಎಳೀತಾರೆ ಕಣೋ," ಎಂದು ಅಕ್ಕ ನನಗೆ ಮೊದಲ ದಿನವೇ ಪಾಠ ಶುರು ಮಾಡಿದ್ದಳು. "ಪರದೆ ಮೇಲೆ ಎಲ್ಲ ಗೆರೆನೂ ಒಂದೇ ಥರ ಕಾಣ್ಸುತ್ತೆ. ಅಳೆದು ಎಳೆದಿದ್ದು ಯಾವುದು, ಅಂದಾಜಲ್ಲಿ ಎಳೆದಿದ್ದು ಯಾವುದು ಅಂತ ಹಾಳೆ ಹೇಳಬೇಕು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರಿ. ಅದಕ್ಕೆ ಯಾರೂ ನಿನ್ನ ತಲೆ ತೆಗಿಯಲ್ಲ."

ನಾನು ತಲೆಯಾಡಿಸಿದೆ. ಒಂಬತ್ತು ಜನರಲ್ಲಿ ತಲೆಯಾಡಿಸುವುದರಲ್ಲಿ ನಾನೇ ಮುಂದಿದ್ದೆ.

ಅಕ್ಕ ಹತ್ತೊಂಬತ್ತನೇ ವಯಸ್ಸಿಗೆ ನಕ್ಷೆ ನಕಲು ತೆಗೆಯುವವಳಾಗಿ ಕೆಲಸಕ್ಕೆ ಸೇರಿದವಳು. ಆ ವರ್ಷವೇ ತಂದೆ ತೀರಿಕೊಂಡಿದ್ದರು. ತಾಯಿ ಮೊದಲೇ ಇರಲಿಲ್ಲ. ಎಂಟು ವರ್ಷದ ತಮ್ಮನೊಬ್ಬನಿದ್ದ. ಅವನಿಗೆ ಊಟ ಹಾಕಿ, ಶಾಲೆಗೆ ಕಳಿಸಿ, ಶಾಲೆ ತಲೆಗೆ ಹತ್ತುವುದಿಲ್ಲ ಎಂದಾಗ ಜೆಸಿಬಿ ಓಡಿಸಲು ಕಲಿಸಿ, ಲೈಸೆನ್ಸ್ ಮಾಡಿಸಿ, ಮದುವೆ ಮಾಡಿಸಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಮೊದಲು ಅವನದಾಗಲಿ ಎನ್ನುತ್ತಿದ್ದಳಂತೆ. ಅವನದಾದ ಮೇಲೆ ಮಾತೆತ್ತುವವರೇ ಇರಲಿಲ್ಲ. ಪುಟ್ಟ ಎಂದು ಅವನನ್ನು ಕರೆಯುತ್ತಿದ್ದಳು. ಆರಡಿ ಎತ್ತರದ ಗಂಡಸು ಕಚೇರಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರೆ ಅಕ್ಕ ಎಲ್ಲರೆದುರು, "ಪುಟ್ಟಾ, ಊಟ ಆಯ್ತೇನೋ?" ಎಂದು ಕೇಳುತ್ತಿದ್ದಳು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಹಾಳೆಯ ವಿಷಯದಲ್ಲಿ ಮಾತ್ರ ಅಕ್ಕನಿಗೆ ನಗು ಬರುತ್ತಿರಲಿಲ್ಲ. ಹಳೆಯ ಬಾವಿಗಳ ಪದರವೊಂದನ್ನು ಯಾವ ವರ್ಷ ಅಳೆದದ್ದು ಎಂದು ಯಾರಿಗೂ ತಿಳಿಯದೆ ಹೋದಾಗ, ಅಳೆದಿದ್ದ ನಿವೃತ್ತ ಮೋಜಣಿದಾರರನ್ನು ಹುಡುಕಿಕೊಂಡು ಆಸ್ಪತ್ರೆಗೇ ಹೋದಳು. ಆ ಮನುಷ್ಯ ಮೂಗಿನ ಮೇಲಿನ ಆಕ್ಸಿಜನ್ ಮುಖವಾಡ ಸರಿಸಿ ಇಸವಿ ಹೇಳಿ, ಮತ್ತೆ ಮುಖವಾಡ ಹಾಕಿಕೊಂಡರಂತೆ. ಅಕ್ಕ ವಾಪಸು ಬಂದು ಇಸವಿ ತುಂಬಿ, ಷರಾದಲ್ಲಿ 'ಅಳೆದವರ ಬಾಯಿಂದಲೇ ಖಚಿತಪಡಿಸಿಕೊಂಡಿದೆ' ಎಂದು ಬರೆದಳು.

ಅನಾಹುತಕ್ಕೆ ಕಾರಣವಾದದ್ದು ಆಕೆಯ ಈ ಶ್ರದ್ಧೆಯೇ, ಜೊತೆಗೆ ನಮ್ಮ ಸೋಮಾರಿತನ.

ವರ್ಷ ಮುಗಿಯುವುದರೊಳಗೆ ಎಲ್ಲ ಪದರಗಳಿಗೂ ಹಾಳೆ ಇರಬೇಕು ಎಂದು ಸಾಹೇಬರು ಆಜ್ಞೆ ಹೊರಡಿಸಿದರು. ಬಾಕಿಯಿದ್ದವು ನಾನೂರಕ್ಕೂ ಮೇಲೆ. ಎಲ್ಲರೂ ದಿನವಿಡೀ ಅಕ್ಕನ ಮೇಜಿನ ಸುತ್ತ. ಹನ್ನೊಂದನೇ ಪ್ರಶ್ನೆಗೆ ಏನು ಬರೆಯೋದು, ಇಪ್ಪತ್ತನೆಯದು ಏನು ಕೇಳ್ತಾ ಇದೆ. ಆಕೆಯ ತಲೆ ತಿಂದು ಮುಗಿಸಿದೆವು. ಕೊನೆಗೆ ಅಕ್ಕ ಎರಡು ದಿನ ಕೂತು ಒಂದು ಮಾದರಿ ಹಾಳೆ ಮಾಡಿದಳು. ಉದ್ಯಾನದ ಬೀದಿಯ ದೀಪದ ಕಂಬಗಳನ್ನು ಆಕೆಯೇ ಬಿಸಿಲಲ್ಲಿ ನಿಂತು ಅಳೆದಿದ್ದಳು. ಆ ಪದರವನ್ನೇ ತೆಗೆದುಕೊಂಡು ಮೂವತ್ತನಾಲ್ಕು ಪ್ರಶ್ನೆಗಳಿಗೂ ನಿಜವಾದ ಉತ್ತರ ತುಂಬಿದಳು. ಆಧಾರ: ಸ್ಥಳದಲ್ಲೇ ಉಪಕರಣದಿಂದ ತೆಗೆದ ಅಳತೆ. ನಿಖರತೆ: ಹತ್ತು ಸೆಂಟಿಮೀಟರಿನೊಳಗೆ. ತಯಾರಿಸಿದವರು, ಪರಿಶೀಲಿಸಿದವರು: ಅಕ್ಕನ ಪೂರ್ತಿ ಹೆಸರು. ಷರಾ: 'ಕೊನೆಯ ಮೂರು ಕಂಬಗಳು ಮರದ ನೆರಳಿನಲ್ಲಿವೆ, ಅಲ್ಲಿ ಅಳತೆಯನ್ನು ಎರಡು ಸಲ ತೆಗೆದಿದೆ.'

ಹೆಸರಿನ ಜಾಗವನ್ನು ಖಾಲಿ ಬಿಡಬಹುದಿತ್ತು. ಬಿಡಲಿಲ್ಲ. ಒಂದು ಹಾಳೆಯಾದರೂ ಪೂರ್ತಿ ತುಂಬಿದ್ದು ಹೇಗಿರುತ್ತದೆ ಎಂದು ನಾವು ನೋಡಲಿ ಎಂಬ ಹೆಮ್ಮೆ ಆಕೆಗೆ. ಅದನ್ನು ಎಲ್ಲರ ಕಂಪ್ಯೂಟರಿಗೂ ಹಾಕಿ, "ಇದನ್ನ ನೋಡ್ಕೊಂಡು ನಿಮ್ಮದು ನೀವು ತುಂಬಿ," ಎಂದಳು.

ನಾವು ನೋಡಿಕೊಂಡು ತುಂಬಲಿಲ್ಲ. ಮಾದರಿಯನ್ನೇ ತೆರೆದು, ಮೇಲಿನ ಶೀರ್ಷಿಕೆ ಬದಲಾಯಿಸಿ, ಬೇರೆ ಹೆಸರಿನಲ್ಲಿ ಉಳಿಸಿದೆವು. ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಂದು ಹಾಳೆಗೆ ಒಂದು ದಿನ ಹಿಡಿಯುತ್ತಿದ್ದುದು ಒಂದು ನಿಮಿಷಕ್ಕೆ ಇಳಿಯಿತು. ಸಾಹೇಬರು ಎಣಿಕೆ ನೋಡಿ ಬೆನ್ನು ತಟ್ಟಿ, ಒಟ್ಟಿಗೇ ಎಲ್ಲವನ್ನೂ ಅಂಗೀಕರಿಸಿದರು. ಆ ತಿಂಗಳು ಅಕ್ಕನನ್ನು ಹೊರಗಿನ ಅಳತೆ ಕೆಲಸಕ್ಕೆ ಹಾಕಿದ್ದರು. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಒಂದನ್ನೂ ಆಕೆ ತೆರೆದು ನೋಡಲಿಲ್ಲ.

ನನ್ನ ಪಾಲಿಗೆ ಬಂದ ಪದರಗಳಲ್ಲಿ ದರ್ಜಿಗಳ ಬೀದಿಯ ಗ್ಯಾಸ್ ಕೊಳವೆಯೂ ಒಂದು. ಮೂವತ್ತೊಂದು ವರ್ಷ ಹಳೆಯ, ಮಡಿಕೆಯಲ್ಲಿ ಹರಿದ ಹಳದಿ ಕಾಗದವನ್ನು ನೋಡಿ ಅದನ್ನು ನಾನೇ ಎಳೆದಿದ್ದೆ. ಕಾಗದದಲ್ಲಿ ಕೊಳವೆ ಕಾಲುದಾರಿಯ ಅಂಚಿನಿಂದ ಒಂದೂವರೆ ಮೀಟರ್ ದೂರ ಎಂದಿತ್ತು. ನಾನು ಈಗಿನ ಅಂಚಿನಿಂದ ಒಂದೂವರೆ ಮೀಟರ್ ಲೆಕ್ಕ ಹಾಕಿದೆ. ಈ ನಡುವೆ ಆ ಬೀದಿಯನ್ನು ಅಗಲ ಮಾಡಿದ್ದರು, ಅಂಚು ಎರಡು ಮೀಟರಿಗೂ ಹೆಚ್ಚು ಸರಿದಿತ್ತು. ಅದು ನನಗೆ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಕಾಗದ ಹಳೆಯದು, ಸ್ಥಳಕ್ಕೆ ಹೋಗಿ ನೋಡಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆಯಲು ಒಂದು ಸಾಲು ಸಾಕಿತ್ತು. ಗುರುವಾರ, ನಾಲ್ಕೂವರೆ ದಾಟಿತ್ತು, ಐದಕ್ಕೆ ಮನೆಗೆ ಹೋಗಬೇಕಿತ್ತು. ಶೀರ್ಷಿಕೆ ಬದಲಾಯಿಸಿದೆ, ಉಳಿಸಿದೆ, ಚಪ್ಪಲಿ ಮೆಟ್ಟಿದೆ.

ಆಮೇಲೆ ಎಂಟು ತಿಂಗಳು ಏನೂ ಆಗಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಗಡಿನ ಲೋಡು ಸುರಿದಂಥ ಸದ್ದಾಯಿತು. ಕಿಟಕಿಯ ಗಾಜುಗಳು ಗಡಗಡ ಎಂದವು. ಮಾಮ ಕಿಟಕಿಯಿಂದ ಬಗ್ಗಿ ನೋಡಿ, "ಹೊಗೆ ಬರ್ತಾ ಇದೆ," ಎಂದ. ಹತ್ತು ನಿಮಿಷಕ್ಕೆ ಅಕ್ಕನ ಫೋನು ಬಡಿದುಕೊಂಡಿತು. ತಮ್ಮನ ಹೆಂಡತಿ. ಆ ಕಡೆಯಿಂದ, "ಅತ್ತಿಗೆ, ಅತ್ತಿಗೆ," ಎಂಬ ಅಳು ನನ್ನ ಮೇಜಿಗೂ ಕೇಳಿಸಿತು. ಅಕ್ಕ ಎದ್ದು ನಿಂತಳು, ಮತ್ತೆ ಕೂತಳು, ಮತ್ತೆ ಎದ್ದಳು. "ಎಲ್ಲಿ? ಯಾವ ಬೀದಿ?" ಎಂದು ಕೇಳಿ, ಉತ್ತರವನ್ನು ತಾನೇ ಮೆಲ್ಲಗೆ ಹೇಳಿಕೊಂಡಳು. "ದರ್ಜಿಗಳ ಬೀದಿ."

ಆ ಹೆಸರು ಕೇಳಿದ್ದೇ ನನಗೆ ಆ ಗುರುವಾರದ ಹಾಳೆ ನೆನಪಾಯಿತು. ಅಕ್ಕ ಪರ್ಸು ಮರೆತು ಮೆಟ್ಟಿಲಿಳಿದು ಓಡಿದಳು. ಯಾರೋ ಅದನ್ನು ತೆಗೆದುಕೊಂಡು ಹಿಂದೆಯೇ ಓಡಿದರು. ನಾನು ಕೂತಲ್ಲೇ ಕೂತಿದ್ದೆ.

ಚರಂಡಿಗೆಂದು ಅಗೆಯುತ್ತಿದ್ದವನು ಪುಟ್ಟನೇ. ನಕ್ಷೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ಜೆಸಿಬಿಯ ಬಕೆಟ್ ಇಳಿಸಿದ್ದ, ಅದು ಗ್ಯಾಸಿನ ಕೊಳವೆಗೆ ತಾಗಿತ್ತು. ಬೆಂಕಿ ಹತ್ತುವ ಮುಂಚೆ ಅವನು ಹಾರಿ ದೂರ ಓಡಿದ್ದನಂತೆ. ಎಂಜಿನ್ ಇನ್ನೂ ಓಡುತ್ತಿದೆ, ಬೀದಿಯಲ್ಲಿ ಜನ ಇದ್ದಾರೆ ಎಂದು ವಾಪಸು ಹೋಗಿ ಅದನ್ನು ಆರಿಸುವಷ್ಟರಲ್ಲಿ ಹೊತ್ತಿಕೊಂಡಿತು. ಎರಡು ಅಂಗಡಿಗಳು ಸುಟ್ಟವು. ಪುಣ್ಯಕ್ಕೆ ಸಾವಾಗಲಿಲ್ಲ. ಅವನ ಎರಡೂ ಕೈ ಮೊಣಕೈವರೆಗೆ ಬೆಂದುಹೋಗಿದ್ದವು.

ನಾಲ್ಕನೇ ದಿನ ಅಕ್ಕ ಕಚೇರಿಗೆ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಮೈಗೆ ಇನ್ನೂ ಔಷಧಿಯ ವಾಸನೆ ಇತ್ತು. ಡ್ರೈವರನ ನಿರ್ಲಕ್ಷ್ಯ ಎಂದು ಆಗಲೇ ಸುದ್ದಿಯಾಗಿತ್ತು. ಲೈಸೆನ್ಸ್ ರದ್ದಾಗುತ್ತದೆ, ಕೇಸು ಹಾಕುತ್ತಾರೆ, ಜೈಲೂ ಆಗಬಹುದು ಎನ್ನುತ್ತಿದ್ದರು. ಅಕ್ಕ ಮಾತ್ರ ಒಂದೇ ಮಾತು ಹಿಡಿದಿದ್ದಳು.

"ಅವನು ನಕ್ಷೆ ಮೀರಿ ಅಗಿಯೋನಲ್ಲ. ಹಾಳೆ ನೋಡೋಣ. ಆ ಗೆರೆ ಯಾರು, ಯಾವುದನ್ನ ನೋಡಿ ಎಳೆದ್ರು ಅಂತ ಹಾಳೇಲಿದ್ರೆ ಆಯ್ತು, ತಪ್ಪು ಅವನ ಮೇಲೆ ಬರಲ್ಲ." ನನ್ನ ಕಡೆ ತಿರುಗಿ, "ತೆಗಿಯೋ," ಎಂದಳು.

ಅಷ್ಟು ಜನರಲ್ಲಿ ನನಗೇ ಹೇಳಿದಳು. ಪದರ ತೆರೆದು ಹಾಳೆಯ ಮೇಲೆ ಒತ್ತಿದೆ. ಎಲ್ಲರೂ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

ಅಕ್ಕ ಅಭ್ಯಾಸದಂತೆ ಕೊನೆಯಿಂದ ಓದಿದಳು. ಗ್ಯಾಸ್ ಕೊಳವೆಯ ಹಾಳೆಯ ಷರಾದಲ್ಲಿ, ಕೊನೆಯ ಮೂರು ಕಂಬಗಳು ಮರದ ನೆರಳಿನಲ್ಲಿವೆ ಎಂದಿತ್ತು.

ಒಂದು ಕ್ಷಣ ಆಕೆಗೆ ಅರ್ಥವೇ ಆಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಮೇಲೆ ಹೋದಳು. ನಿಖರತೆ, ಹತ್ತು ಸೆಂಟಿಮೀಟರಿನೊಳಗೆ. ಆಧಾರ, ಸ್ಥಳದಲ್ಲೇ ತೆಗೆದ ಅಳತೆ. ಪರಿಶೀಲಿಸಿದವರು, ಆಕೆಯ ಹೆಸರು. ತಂದೆಯ ಹೆಸರಿನ ಮೊದಲಕ್ಷರದ ಸಮೇತ.

"ನಾನು ಆ ಬೀದಿಗೆ ಹೋಗೇ ಇಲ್ಲ," ಎಂದಳು. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ.

ಆಮೇಲೆ ನನ್ನನ್ನು ಎಬ್ಬಿಸಿ ತಾನೇ ಕೂತಳು. 'ಮರದ ನೆರಳಿನಲ್ಲಿ' ಎಂಬ ಪದಗಳನ್ನು ಹಾಕಿ ಎಲ್ಲ ಹಾಳೆಗಳಲ್ಲೂ ಹುಡುಕಿಸಿದಳು. ಪಟ್ಟಿ ಇಳಿಯತೊಡಗಿತು, ನಿಲ್ಲಲೇ ಇಲ್ಲ. ನದಿಯ ಸೇತುವೆಗೆ ಮೂರು ಕಂಬ, ಮರದ ನೆರಳು. ಶಾಲೆಗಳ ಮುಂದಿನ ವಿದ್ಯುತ್ ಕೇಬಲ್ಲಿಗೆ ಮೂರು ಕಂಬ. ಸ್ಮಶಾನದ ಗಡಿಗೆ, ಒಳಚರಂಡಿಗೆ, ಆಸ್ಪತ್ರೆಯ ನೀರಿನ ಕೊಳವೆಗೆ, ಎಲ್ಲಕ್ಕೂ ಅದೇ ನೆರಳು, ಅದೇ ಹತ್ತು ಸೆಂಟಿಮೀಟರ್, ಅದೇ ಹೆಸರು. ಒಟ್ಟು ನಾನೂರ ಹನ್ನೆರಡು.

ಬೇರೆ ಸಮಯವಾಗಿದ್ದರೆ ನಗಬಹುದಿತ್ತು. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಆಕೆಯನ್ನು ಸಿಟ್ಟಿನಲ್ಲಿ ನೋಡಿದ್ದೆ, ದುಃಖದಲ್ಲಿ ನೋಡಿದ್ದೆ, ಹೀಗೆ ಕಲ್ಲಾಗಿ ಕೂತದ್ದನ್ನು ನೋಡಿರಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ದರ್ಜಿಗಳ ಬೀದೀದು ಯಾರು ಮಾಡಿದ್ದು?"

ಒಬ್ಬ ಕಿಟಕಿ ನೋಡಿದ, ಒಬ್ಬಳು ಉಗುರು ನೋಡಿಕೊಂಡಳು. ನಾನು ಎನ್ನುವುದು ಎರಡೇ ಅಕ್ಷರ, ಬಾಯಿಂದ ಹೊರಡಲಿಲ್ಲ. ಹೆದರಿದೆ. ಇದಕ್ಕಿಂತ ಗೌರವದ ಕಾರಣ ನನ್ನ ಬಳಿ ಇಲ್ಲ. ಅಕ್ಕ ಇನ್ನೊಮ್ಮೆ ಕೇಳಲಿಲ್ಲ. ಬಾಟಲಿಯ ನೀರು ಕುಡಿದು ಆಸ್ಪತ್ರೆಗೆ ಹೊರಟುಹೋದಳು.

ತನಿಖೆ ನಮ್ಮ ಕಟ್ಟಡದ ಸಭೆಯ ಕೋಣೆಯಲ್ಲೇ ನಡೆಯಿತು. ಅಧಿಕಾರಿ ಹೊರಗಿನವರು, ಮೆಲುಮಾತಿನವರು. ಪುಟ್ಟನನ್ನು ಎರಡೂ ಕೈಗೆ ಬ್ಯಾಂಡೇಜ್ ಸುತ್ತಿ ಕರೆತಂದಿದ್ದರು. ಯಂತ್ರ ಇಳಿಸುವ ಮುಂಚೆ ಗುದ್ದಲಿಯಿಂದ ಒಂದು ಸಣ್ಣ ಗುಂಡಿ ಕೈಯಲ್ಲೇ ತೋಡಿ, ಕೆಳಗೆ ಏನಾದರೂ ಇದೆಯೇ ಎಂದು ನೋಡಬೇಕು ಎಂಬ ನಿಯಮವಿದೆ. ಹೆಚ್ಚಿನ ಡ್ರೈವರುಗಳು ಅದರ ಗೊಡವೆಗೆ ಹೋಗುವುದಿಲ್ಲ. ಇವನು ತಪ್ಪದೆ ತೋಡುವವನು. ಮಣ್ಣಿನ ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳುವವನು ಎಂದು ಜೊತೆಗಾರರು ಗೇಲಿ ಮಾಡುತ್ತಿದ್ದರಂತೆ. ಆ ದಿನ ತೋಡಿರಲಿಲ್ಲ.

"ಯಾಕೆ ತೋಡಲಿಲ್ಲ?" ಎಂದು ಅಧಿಕಾರಿ ಕೇಳಿದರು.

ಪುಟ್ಟ ಸುಮ್ಮನಿದ್ದ.

"ಆತುರ ಇತ್ತಾ? ಯಾರಾದ್ರೂ ಬೇಡ ಅಂದ್ರಾ?"

ಅದಕ್ಕೂ ಉತ್ತರ ಬರಲಿಲ್ಲ. ತನ್ನ ಬ್ಯಾಂಡೇಜನ್ನೇ ನೋಡುತ್ತಾ ಕೂತಿದ್ದ. ಅಧಿಕಾರಿ ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತಳು.

"ಸರ್, ಅವನು ಅಗೆದಿದ್ದು ನಕ್ಷೆ ಹೇಳಿದ ಜಾಗದಲ್ಲಿ. ನಕ್ಷೆ ತಪ್ಪು. ತಪ್ಪು ನಕ್ಷೆನ ಸರಿ ಅಂತ ಹಾಳೆ ಹೇಳ್ತಾ ಇದೆ. ಹಾಳೇಲಿ ಇರೋ ಹೆಸರು ನಂದು. ಆ ಮಾದರಿ ಮಾಡಿದ್ದು ನಾನು. ಅದರಿಂದ ಹುಟ್ಟಿದ ಹಾಳೆ ಇದೊಂದೇ ಅಲ್ಲ, ನಾನೂರ ಹನ್ನೆರಡಿವೆ. ಒಂದನ್ನೂ ನಾನು ಸ್ಥಳಕ್ಕೆ ಹೋಗಿ ನೋಡಿಲ್ಲ. ಇವತ್ತೇ ಎಲ್ಲಾನೂ ವಾಪಸ್ ತಗೋಬೇಕು. ಇಲ್ಲಾಂದ್ರೆ ನಾಳೆ ಇನ್ನೊಂದು ಬೀದಿ."

ಸಾಹೇಬರ ಬಾಯಿ ತೆರೆದದ್ದು ತೆರೆದೇ ಇತ್ತು. ಪುಟ್ಟ ಕತ್ತು ತಿರುಗಿಸಿ ಅಕ್ಕನನ್ನು ನೋಡಿದ. ಆ ನೋಟವನ್ನು ಏನೆಂದು ಹೇಳಲಿ. ಹೆತ್ತ ತಾಯಿ ಕೆನ್ನೆಗೆ ಹೊಡೆದರೆ ಮಗು ಅಳುವ ಮುಂಚೆ ಹಾಗೆ ನೋಡುತ್ತದೆ. ನಾನು ಮೂರನೇ ಸಾಲಿನಲ್ಲಿದ್ದೆ. ಏಳಬೇಕಿತ್ತು. ಏಳಲಿಲ್ಲ.

ಅದೇ ದಿನ ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಂಡರು. ಮರುಅಳತೆ ಆಗುವವರೆಗೆ ಎಲ್ಲ ಕಡೆ ಕೈಯಲ್ಲೇ ತೋಡಬೇಕು ಎಂದು ಆದೇಶವಾಯಿತು. ಎರಡು ತಿಂಗಳು ನಾವೆಲ್ಲ ಬೀದಿಬೀದಿ ಅಳೆದೆವು. ಶಾಲೆಯೊಂದರ ಮುಂದಿನ ಕೇಬಲ್ ನಕ್ಷೆಯಲ್ಲಿದ್ದ ಜಾಗದಿಂದ ಮೂರು ಮೀಟರ್ ಆಚೆ ಸಿಕ್ಕಿತು, ಸರಿಯಾಗಿ ಮುಂದಿನ ವಾರ ಹೊಸ ಕಾಂಪೌಂಡಿಗೆ ಪಾಯ ತೋಡಬೇಕಿದ್ದ ಸಾಲಿನಲ್ಲಿ. ಅದನ್ನು ನೋಡಿದಾಗ ಮಾಮ ರಸ್ತೆಯ ಅಂಚಿನಲ್ಲೇ ಕುಕ್ಕರಿಸಿ ಕೂತುಬಿಟ್ಟ. ನಾನೂರ ಹನ್ನೆರಡರಲ್ಲಿ ಸರಿಯಿದ್ದವು ಅರ್ಧಕ್ಕಿಂತ ಕಡಿಮೆ.

ಪುಟ್ಟನ ಮೇಲಿನ ಆರೋಪ ಬಿದ್ದುಹೋಯಿತು. ಅಕ್ಕನನ್ನು ಅಮಾನತಿನಲ್ಲಿಟ್ಟರು. ಇನ್ನೂ ಒಂದಾಯಿತು, ಅದು ಯಾವ ಆದೇಶದಲ್ಲೂ ಇರಲಿಲ್ಲ. ಪುಟ್ಟ ಅಕ್ಕನ ಜೊತೆ ಮಾತು ಬಿಟ್ಟ.

ಎರಡು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಇನ್ನು ಮುಚ್ಚಿಡಲಾರೆ ಅನ್ನಿಸಿ ಅಕ್ಕನ ಮನೆಗೆ ಹೋದೆ. ಎರಡು ಕೋಣೆಯ ಮನೆ, ಹೊರಗಿನ ಮೆಟ್ಟಿಲು. ಅಕ್ಕ ಒಗೆದ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ.

"ಅಕ್ಕ, ದರ್ಜಿಗಳ ಬೀದೀದು ನಾನು ಮಾಡಿದ್ದು."

"ಗೊತ್ತು," ಎಂದಳು ಅಕ್ಕ. "ಆ ಬಕೆಟ್ ಈ ಕಡೆ ಕೊಡು."

ನಾನು ಬಕೆಟ್ ಎತ್ತಲಿಲ್ಲ.

"ಹಾಳೇನ ಯಾವ ಕಂಪ್ಯೂಟರಿಂದ ಉಳಿಸಿದ್ದು, ಯಾವಾಗ ಉಳಿಸಿದ್ದು ಅಂತ ಅದೇ ಬರ್ಕೊಂಡಿರುತ್ತೆ ಕಣೋ. ನಾವು ತುಂಬದೆ ಇರೋ ಜಾಗ ಅದು. ಗುರುವಾರ, ನಾಲ್ಕು ಮೂವತ್ತೆಂಟು. ಮೂಲೆ ಕಂಪ್ಯೂಟರ್. ಅವತ್ತು ನಿನ್ನ ಎಬ್ಬಿಸಿ ಕೂತೆನಲ್ಲ, ಆವಾಗಲೇ ನೋಡಿದೆ."

"ಮತ್ತೆ ಯಾಕೆ ಕೇಳಿದ್ರಿ ಯಾರು ಮಾಡಿದ್ದು ಅಂತ?"

"ಹೇಳ್ತೀಯೇನೋ ಅಂತ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಹಾಗಾದರೆ ತನಿಖೆಯಲ್ಲಿ ನನ್ನ ಹೆಸರನ್ನೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿನ್ನೊಬ್ಬನ್ನ ಮನೆಗೆ ಕಳಿಸಿ ಫೈಲು ಮುಚ್ತಿದ್ರು. ಅವರು ಬಂದಿದ್ದು ಒಂದು ಬೀದಿಗೆ, ಒಂದು ಹಾಳೆಗೆ. ಮಿಕ್ಕ ನಾನೂರ ಹನ್ನೊಂದು ಹಂಗೇ ಉಳೀತಿತ್ತು. ಮಾದರಿನೇ ಹಾಳು ಅಂತ ನಾನು ಹೇಳಿದ್ರೆ ತಾನೆ ಎಲ್ಲಾ ಬೀಳೋದು." ಸೀರೆ ಝಾಡಿಸಿ ಹಗ್ಗಕ್ಕೆ ಹಾಕಿದಳು. "ಮತ್ತೆ ಅದ್ರಲ್ಲಿ ನನ್ನ ಹೆಸರು ಹಾಕಿದ್ದು ನಾನೇ. ಯಾರೂ ಕೇಳಿರಲಿಲ್ಲ. ಜಂಬ."

"ನಿಮ್ಮ ತಮ್ಮನಿಗಾದ್ರೂ ಹೇಳಬಹುದಿತ್ತಲ್ಲ ಅಕ್ಕ, ಆ ಹಾಳೇಲಿ ನೋಡದೆ ಹೆಸರು ಹಾಕಿದ್ದು ನೀವಲ್ಲ ಅಂತ."

ಅಕ್ಕ ಬಟ್ಟೆಯ ಕಡೆ ತಿರುಗಿದಳು. "ತನಿಖೆಗೆ ಮೊದಲು ಹೇಳಿದ್ರೆ ಅಲ್ಲೇ ಎದ್ದು ನಿನ್ನ ಹೆಸರು ಕೂಗ್ತಿದ್ದ. ಈಗ ಫೋನ್ ಎತ್ತಲ್ಲ. ಬಾಗಿಲಿಗೆ ಹೋದ್ರೆ ಮಲಗಿದಾರೆ ಅಂತ ಅವನ ಹೆಂಡ್ತಿ ಅಂತಾಳೆ. ನಡುಮಧ್ಯಾಹ್ನ ಮಲಗೋ ಹುಡುಗನಾ ಅವನು?" ಎಂದಳು. ಆಗ ಮೊದಲ ಸಲ ದನಿ ಒಡೆಯಿತು.

ಅಲ್ಲಿಂದ ಪುಟ್ಟನ ಮನೆಗೆ ಎರಡು ಬೀದಿ. ನಡೆದೇ ಹೋದೆ. ಅವನ ಹೆಂಡತಿ ಬಾಗಿಲು ತೆಗೆದಳು. ಅವನು ಮಲಗಿರಲಿಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬ್ಯಾಂಡೇಜ್ ಬಿಚ್ಚಿದ್ದರು. ಚರ್ಮ ಹೊಳೆಯುತ್ತಿತ್ತು, ಬೆರಳುಗಳು ಒಂದಕ್ಕೊಂದು ಅಂಟಿ ಒಳಕ್ಕೆ ಮಡಚಿಕೊಂಡಿದ್ದವು. ನೋಡಬಾರದು ಎಂದುಕೊಂಡರೂ ನೋಡಿದೆ. ನಾನು ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ.

"ಅಕ್ಕ ಕಳಿಸಿದ್ಳಾ?"

"ಇಲ್ಲ."

"ಕಳಿಸಿದ್ರೆ ಹೋಗಿ ಹೇಳು. ಕೈ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ." ಅವನು ಕಿಟಕಿಯ ಕಡೆ ನೋಡುತ್ತಿದ್ದ. "ಅಗೆಯೋ ಮುಂಚೆ ಹಾಳೆ ನೋಡೋದು ಅಂತ ಇದೆ, ನಿನಗೆ ಗೊತ್ತಲ್ಲ. ನಮ್ಮೋರು ಯಾರೂ ನೋಡಲ್ಲ. ನಾನು ನೋಡ್ತೀನಿ, ಅಕ್ಕ ಕಲಿಸಿದ್ದು. ಮೊಬೈಲಲ್ಲಿ ಒತ್ತಿದ್ರೆ ಬರುತ್ತೆ. ಆವತ್ತೂ ನೋಡಿದೆ. ಪರಿಶೀಲಿಸಿದವರು ಅಂತ ಅಕ್ಕನ ಹೆಸರಿತ್ತು. ಬೇರೆ ಯಾರ ಹೆಸರಿದ್ರೂ ಗುದ್ದಲಿ ತಗೊಂಡು ಮೊದಲು ಕೈಯಲ್ಲಿ ತೋಡ್ತಿದ್ದೆ. ಅಕ್ಕನ ಹೆಸರಿತ್ತು ಅಂತ ನೇರ ಇಳಿಸಿಬಿಟ್ಟೆ."

ತನಿಖೆಯಲ್ಲಿ ಅವನು ಬಾಯಿ ಬಿಡದೆ ಕೂತದ್ದು ಕಣ್ಣ ಮುಂದೆ ಬಂತು.

"ಅದನ್ನ ಅಲ್ಲಿ ಹೇಳಿದ್ರೆ ಅವಳ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ," ಎಂದ ಪುಟ್ಟ. "ಜೈಲಾದ್ರೆ ಆಗ್ಲಿ ಅಂತ. ಯಾರೋ ಏನೋ ಎಡವಟ್ಟು ಮಾಡಿರ್ತಾರೆ, ಅಕ್ಕ ಅಂತೂ ಆಗಿರಲ್ಲ ಅನ್ಕೊಂಡಿದ್ದೆ. ಅವಳೇ ಎದ್ದು ನಿಂತು ಹೆಸರು ನಂದು, ನೋಡಿಲ್ಲ ಅಂದ್ಬಿಟ್ಳು. ನೋಡದೆ ಹೆಂಗೆ ಹಾಕಿದ್ಳು ಹೇಳು. ಇಷ್ಟು ವರ್ಷ ನನಗೆ ಹೇಳಿಕೊಟ್ಟು."

"ಅವರು ಹಾಕಲಿಲ್ಲ," ಎಂದೆ. "ಆ ಹಾಳೆ ಮಾಡಿದ್ದು ನಾನು. ಗೆರೆನೂ ನಾನೇ ಎಳೆದಿದ್ದು. ಮಾದರೀಲಿ ಅವರ ಹೆಸರಿತ್ತು, ನಾನು ತೆಗೀಲಿಲ್ಲ. ಮನೆಗೆ ಹೋಗೋ ಆತುರದಲ್ಲಿದ್ದೆ. ಅವರು ಆ ಹಾಳೇನ ನೋಡಿದ್ದೇ ಬೆಂಕಿ ಆದಮೇಲೆ."

ಅವನು ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಆಮೇಲೆ ಹೊಳೆಯಿತು, ಹೊಡೆಯಲು ಅವನಿಗೆ ಕೈ ಇಲ್ಲ.

ಪುಟ್ಟ ಗದ್ದದಿಂದ ಮೇಜಿನ ಕಡೆ ತೋರಿಸಿದ.

"ಫೋನ್ ಅಲ್ಲಿದೆ. ಅಕ್ಕನಿಗೆ ಹಚ್ಚು. ನನಗೆ ಒತ್ತಕ್ಕಾಗಲ್ಲ. ಆಮೇಲೆ ನೀನು ಹೊರಡು."

ಹಚ್ಚಿದೆ. ಅವನ ಕಿವಿಗೆ ಹಿಡಿದುಕೊಂಡು ನಿಂತೆ. ಒಂದೇ ರಿಂಗಿಗೆ ಆ ಕಡೆ ಎತ್ತಿದರು. ಅಕ್ಕನ ಉಸಿರು ನನಗೂ ಕೇಳಿಸುತ್ತಿತ್ತು. ಪುಟ್ಟ ಫೋನಿನ ಕಡೆ ಕತ್ತು ವಾಲಿಸಿದ.

"ಅಕ್ಕಾ," ಎಂದ, "ಅದು ನೀನಲ್ವಂತೆ."